ಟಿಕೆಟ್ಟಿಗೊಂದು ಕಾಲ, ದೇಹಕ್ಕೊಂದು ಕಾಲ

ಕಳೆದ ವಾರ ಹರದನಹಳ್ಳಿಯ ನಮ್ಮ ಕ್ಲಿನಿಕ್ಕಿಗೆ ಹತ್ತಿರದ ಹಳ್ಳಿಯ ಒಬ್ಬ ರೈತರು ಮತ್ತು ಅವರ ಮನೆಯವರು ಬಂದರು. ಯಜಮಾನರಿಗೆ 63, ಆ ತಾಯಿಗೆ 58. ಕುಳಿತವರೇ ಕೈಚೀಲದಿಂದ ಒಂದು ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟರು. “ಡಾಕ್ಟ್ರೇ, ಮಗ್ಳು ಅಮೆರಿಕಕ್ಕೆ ಬನ್ನಿ ಅಂತಾವ್ಳೆ. ಜನವರಿಗೆ ಅವ್ಳ ಹೆರಿಗೆ. ನಾಳಿದ್ದು ಟಿಕೀಟು ಮಾಡ್ಸ್ತಾಳಂತೆ. ಇದ್ಕೊಂದು ಸೈನ್ ಹಾಕ್ಕೊಡಿ” ಎಂದರು.

ಸಹಿ ಹಾಕುವುದು ಒಂದು ನಿಮಿಷದ ಕೆಲಸ. ಆದರೆ ನಾನು ಪೆನ್ನು ಕೆಳಗಿಟ್ಟು ಎರಡು ಪ್ರಶ್ನೆ ಕೇಳಿದೆ. ಯಾವ ತಿಂಗಳು ಹೋಗುತ್ತೀರಿ? ಯಾವ ತಿಂಗಳು ವಾಪಸು ಬರುತ್ತೀರಿ? ಇಬ್ಬರೂ ಮುಖ ಮುಖ ನೋಡಿಕೊಂಡರು. ವೈದ್ಯರು ರಕ್ತದೊತ್ತಡ ಕೇಳಬೇಕು, ಸಕ್ಕರೆ ಕೇಳಬೇಕು, ಪಂಚಾಂಗ ಯಾಕೆ ಕೇಳುತ್ತಾರೆ ಎಂದು ಅವರಿಗೆ ಅನಿಸಿರಬೇಕು. ಓದುಗರಿಗೂ ಹಾಗೆಯೇ ಅನಿಸಬಹುದು. ಅದಕ್ಕೆ ಕಾರಣ ಹೇಳುವುದಕ್ಕಾಗಿಯೇ ಈ ವಾರದ ಬರಹ.

ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ದೂರದ ಪ್ರಯಾಣ ಎಂದರೆ ಧರ್ಮಸ್ಥಳ, ತಿರುಪತಿ, ಬಹಳವಾದರೆ ಕಾಶಿ. ಈಗ ಅರಿಶಿನ, ಬಾಳೆ ಬೆಳೆದು ಓದಿಸಿದ ಮಕ್ಕಳು ಇಂಜಿನಿಯರುಗಳಾಗಿ ಹೊರದೇಶಗಳಲ್ಲಿದ್ದಾರೆ. ಪಾಸ್‌ಪೋರ್ಟಿಗೆ ಬೆಂಗಳೂರಿಗೇ ಅಲೆಯಬೇಕೆಂಬ ಕಾಲವೂ ಹೋಯಿತು. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯಿತು. ಹೀಗಾಗಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಗಳಿಂದಲೂ ಜನ ವಿಮಾನ ಹತ್ತುತ್ತಿದ್ದಾರೆ. ಇದು ಸಂತೋಷದ ವಿಷಯ. ಬೇಸರವೆಂದರೆ, ಯಾವಾಗ ಹೋಗಬೇಕೆಂಬುದನ್ನು ಟಿಕೆಟ್ಟಿನ ದರ ತೀರ್ಮಾನಿಸುತ್ತದೆ, ಮಗನ ರಜೆ ತೀರ್ಮಾನಿಸುತ್ತದೆ, ಇಲ್ಲಿಯ ಬೆಳೆ ತೀರ್ಮಾನಿಸುತ್ತದೆ. ಹೋಗುವವರ ದೇಹವನ್ನು ಮಾತ್ರ ಯಾರೂ ಕೇಳುವುದಿಲ್ಲ. ಎಲ್ಲ ಮುಗಿದ ಮೇಲೆ ವೈದ್ಯರ ಬಳಿ ಬರುವುದು, ಮದುವೆ ಆದ ಮೇಲೆ ಜಾತಕ ತೋರಿಸಿದ ಹಾಗೆ.

ನನ್ನದೇ ತಪ್ಪು

ಈ ಪ್ರಶ್ನೆಗಳನ್ನು ನಾನು ಮೊದಲಿನಿಂದ ಕೇಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ರೈತ ಕುಟುಂಬದ ತಾಯಿ ನನ್ನ ಬಳಿ ಬಂದಿದ್ದರು. 62 ವಯಸ್ಸು. ಸಕ್ಕರೆ ಕಾಯಿಲೆ ಹತೋಟಿಯಲ್ಲಿತ್ತು, ಮಂಡಿ ನೋವು ಸ್ವಲ್ಪ ಇತ್ತು. ಮಗ ಚಿಕಾಗೊ ಹತ್ತಿರ ಇದ್ದ. ಅಕ್ಟೋಬರ್‌ನಲ್ಲಿ ಹೊರಡುತ್ತೇವೆ ಎಂದರು. ಅಲ್ಲಿ ಆಗ ನಮ್ಮ ಗೋಪಾಲಸ್ವಾಮಿ ಬೆಟ್ಟದ ಬೆಳಗಿನ ಹಾಗೆ ತಂಪಾಗಿರುತ್ತದೆ, ಧಾರಾಳವಾಗಿ ಹೋಗಿ ಬನ್ನಿ ಎಂದು ಸಹಿ ಹಾಕಿದೆ. ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. ಅವರ ಲೆಕ್ಕ ಹೊಲದ ಲೆಕ್ಕವಾಗಿತ್ತು. ಅಕ್ಟೋಬರ್‌ನಿಂದ ಅರಿಶಿನಕ್ಕೆ ನೀರು ಕಟ್ಟಿದರೆ ಸಾಕು, ಫೆಬ್ರವರಿಯಲ್ಲಿ ಕೀಳುವ ಹೊತ್ತಿಗೆ ಬಂದುಬಿಡೋಣ ಎಂದುಕೊಂಡಿದ್ದರು.

ಜನವರಿ ಎರಡನೆಯ ವಾರ ಆ ತಾಯಿ ಮಗನ ಮನೆಯ ಮುಂದೆ ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲಿಟ್ಟು ಜಾರಿದರು. ಕಸದ ಚೀಲವನ್ನು ಡಬ್ಬಕ್ಕೆ ಹಾಕಿ ಬರಲು ಹೊರಟಿದ್ದರಂತೆ. ಚಪ್ಪಲಿ ಇಲ್ಲಿಂದ ತೆಗೆದುಕೊಂಡು ಹೋದದ್ದು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು. ಪ್ರಯಾಣದ ವಿಮೆ ಮಾಡಿಸಿದ್ದರಿಂದ ಮಗ ಸಾಲದಿಂದ ಉಳಿದುಕೊಂಡ. ಏಪ್ರಿಲ್‌ನಲ್ಲಿ ಅವರು ಗಾಲಿಕುರ್ಚಿಯಲ್ಲಿ ಊರಿಗೆ ಬಂದರು. ಅಷ್ಟರಲ್ಲಿ ಅರಿಶಿನವನ್ನು ನೆಂಟರು ಕಿತ್ತು ಬೇಯಿಸಿ ಒಣಗಿಸಿದ್ದರು. ಇಂದು ಅವರು ಕೋಲು ಹಿಡಿದು ನಡೆಯುತ್ತಾರೆ. ಹೊಲಕ್ಕೆ ಹೋಗುವುದು ನಿಂತಿದೆ.

ಅವರು ನನ್ನನ್ನು ದೂರಲಿಲ್ಲ. ಆದರೆ ಅವರ ಕಡತ ತೆಗೆದಾಗಲೆಲ್ಲ ನನ್ನ ಸಹಿ ನನಗೆ ಕಾಣುತ್ತದೆ. ಆ ದೇಹ ಅಕ್ಟೋಬರ್‌ಗೆ ಯೋಗ್ಯವಾಗಿತ್ತು, ಜನವರಿಗೆ ಯೋಗ್ಯವಾಗಿರಲಿಲ್ಲ. ಅಮೆರಿಕದಲ್ಲಿ ಭೇಟಿಗೆ ಬಂದ ತಂದೆತಾಯಿಯರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅವಕಾಶ ಕೊಡುತ್ತಾರೆ. ಆರು ತಿಂಗಳೆಂದರೆ ಎರಡು ಋತು ಬದಲಾಗುತ್ತವೆ. ಹೋಗಿ ಇಳಿಯುವ ದಿನದ ಹವೆಯೊಂದನ್ನೇ ನೋಡಿದರೆ ಸಾಲದು, ಅಲ್ಲಿರುವ ಅಷ್ಟೂ ದಿನಗಳ ಹವೆ ನೋಡಬೇಕು.

ಇದರಿಂದ ನಾನು ಕಲಿತ ಪಾಠವೇ ಇಂದು ನನ್ನ ಅಭಿಪ್ರಾಯ. ವಿದೇಶ ಪ್ರಯಾಣದ ತಿಂಗಳನ್ನು ಮನೆಯವರಲ್ಲಿ ಎಲ್ಲರಿಗಿಂತ ದುರ್ಬಲ ದೇಹ ಯಾರದೋ ಅವರನ್ನು ನೋಡಿ ಗೊತ್ತು ಮಾಡಬೇಕು. ಟಿಕೆಟ್ಟು, ರಜೆ, ಬೆಳೆ ಎಲ್ಲವೂ ಆಮೇಲಿನ ಮಾತು.

ಚಳಿ ದೇಹಕ್ಕೆ ಏನು ಮಾಡುತ್ತದೆ?

ನಮ್ಮ ಸೀಮೆಯ ಹವೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ 35-36 ಡಿಗ್ರಿ, ಚಳಿಗಾಲದ ರಾತ್ರಿ 15 ಡಿಗ್ರಿ ಆಸುಪಾಸು. ನಮ್ಮ ಚರ್ಮ, ರಕ್ತನಾಳ, ಶ್ವಾಸಕೋಶಗಳು ಐವತ್ತು ಅರವತ್ತು ವರ್ಷ ಈ ಹದಕ್ಕೇ ಒಗ್ಗಿವೆ. ಅಮೆರಿಕದ ಉತ್ತರ ಭಾಗ, ಕೆನಡಾ, ಯೂರೋಪಿನ ಬಹುಭಾಗದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಉಷ್ಣಾಂಶ ಶೂನ್ಯದ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗಿರುತ್ತದೆ.

ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ರಕ್ತದೊತ್ತಡ ಏರುತ್ತದೆ, ಹೃದಯದ ಕೆಲಸ ಹೆಚ್ಚುತ್ತದೆ. ಚಳಿದೇಶಗಳಲ್ಲಿ ಹೃದಯಾಘಾತಗಳು ಚಳಿಗಾಲದಲ್ಲೇ ಹೆಚ್ಚು. ಅಲ್ಲಿಯೇ ಹುಟ್ಟಿ ಬೆಳೆದವರ ಕಥೆಯೇ ಹೀಗಿರುವಾಗ ಹೊಸಬರ ಗತಿಯೇನು? ಉಬ್ಬಸ ಇರುವವರಿಗೆ ಒಣ ತಣ್ಣನೆಯ ಗಾಳಿ ನೇರವಾಗಿ ಶ್ವಾಸನಾಳವನ್ನು ಕೆಣಕುತ್ತದೆ. ಮನೆಯೊಳಗೆ ಬೆಚ್ಚಗಿದ್ದರೂ ಬಾಗಿಲು ತೆರೆದು ಕಾರಿನವರೆಗೆ ನಡೆಯುವ ಐವತ್ತು ಹೆಜ್ಜೆ ಸಾಕು, ಎದೆ ಕಟ್ಟುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಚಳಿಗೆ ಬೆರಳು ಮರಗಟ್ಟಿದ್ದೂ ತಿಳಿಯುವುದಿಲ್ಲ, ಬೆಚ್ಚಗೆ ಮಾಡಿಕೊಳ್ಳಲು ಹೋಗಿ ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆದಿರುತ್ತದೆ. ಜಾರಿ ಬಿದ್ದರೆ ಏನಾಗುತ್ತದೆಂದು ಮೇಲೆ ಹೇಳಿದೆ.

ಇನ್ನೊಂದು ಕಾಯಿಲೆಯನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಲಂಡನ್ನಿನಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಅದೇ ಊರಿನಲ್ಲಿ ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ನಾಲ್ಕು ಜನರೊಡನೆ ಮಾತಾಡಿ ದಿನ ಆರಂಭಿಸುವ ನಮ್ಮ ಹೆಂಗಸರು ಅಲ್ಲಿ ಮುಚ್ಚಿದ ಕಿಟಕಿಯ ಹಿಂದೆ ಮೂರು ತಿಂಗಳು ಕೂರುತ್ತಾರೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಗು ಶಾಲೆಗೆ. ಬೆಳಕಿಲ್ಲ, ನಡಿಗೆಯಿಲ್ಲ, ಮಾತಿಲ್ಲ. ಬಂದ ಮೇಲೆ ನಿದ್ರೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದು ನನ್ನ ಬಳಿ ಬರುತ್ತಾರೆ. ‘ಅಮೆರಿಕ ನೋಡಿದ್ರಾ ಅಮ್ಮ?’ ಎಂದರೆ ‘ಗೋಡೆ ನೋಡ್ದೆ’ ಎಂದವರೂ ಇದ್ದಾರೆ.

1893ರಲ್ಲಿ ಚಿಕಾಗೊ ಸರ್ವಧರ್ಮ ಸಮ್ಮೇಳನಕ್ಕೆ ಹೊರಟ ಸ್ವಾಮಿ ವಿವೇಕಾನಂದರು ಬೆಚ್ಚನೆಯ ಬಟ್ಟೆಯಿಲ್ಲದೆ ಪೆಸಿಫಿಕ್ ಸಾಗರದ ಹಡಗಿನಲ್ಲಿ ಚಳಿಯಿಂದ ಬಹಳ ಕಷ್ಟಪಟ್ಟರು. ಅದು ಜುಲೈ ತಿಂಗಳು, ಅವರಿಗೆ ಆಗ ಮೂವತ್ತು ವರ್ಷ. ಅಂಥ ಗಟ್ಟಿ ದೇಹವನ್ನೇ ಚಳಿ ನಡುಗಿಸಿತು ಎಂದ ಮೇಲೆ, ಅರವತ್ತು ದಾಟಿದವರು ಜನವರಿಯಲ್ಲಿ ಹೊರಡುವ ಮುನ್ನ ಎರಡು ಬಾರಿ ಯೋಚಿಸಬೇಡವೇ?

ವಸಂತವೂ ಎಲ್ಲರಿಗೂ ಅಲ್ಲ

ಹಾಗಾದರೆ ಚಳಿ ಕಳೆದ ಕೂಡಲೇ ಹೋಗೋಣ ಎನ್ನಬಹುದು. ಬಹುಪಾಲು ಜನರಿಗೆ ಅದು ಸರಿ. ಆದರೆ ಸೀನು, ಮೂಗು ಸೋರುವಿಕೆ, ಉಬ್ಬಸ ಇರುವವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ಚಳಿಗಾಲದಲ್ಲಿ ಸತ್ತಂತಿದ್ದ ಮರಗಿಡಗಳೆಲ್ಲ ಒಟ್ಟಿಗೇ ಹೂ ಬಿಡುತ್ತವೆ. ಮಾರ್ಚ್‌ನಿಂದ ಮೇವರೆಗೆ ಮರಗಳ ಪರಾಗ, ಮೇ ಜೂನ್‌ನಲ್ಲಿ ಹುಲ್ಲಿನ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಅಮೆರಿಕದಲ್ಲಿ ಆಗಸ್ಟ್ ಮಧ್ಯದಿಂದ ಮಂಜು ಬೀಳುವವರೆಗೆ ರ್‍ಯಾಗ್‌ವೀಡ್ ಎಂಬ ಕಳೆಯ ಕಾಟ. ಈ ಕಳೆ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಹತ್ತಿರದ ನೆಂಟ. ಇಲ್ಲಿ ಕಾಂಗ್ರೆಸ್ ಗಿಡ ಮುಟ್ಟಿದರೆ ಕಡಿತ, ಅದರ ಹೂವಿನ ಗಾಳಿಗೆ ಸೀನು ಬರುವವರಿಗೆ ಅಲ್ಲಿ ಸೆಪ್ಟೆಂಬರ್‌ನಲ್ಲಿ ತೊಂದರೆಯಾಗುವ ಸಂಭವ ಹೆಚ್ಚು. ಅಂಥವರು ಹೋಗಲೇಬಾರದೆಂದಲ್ಲ. ಉಬ್ಬಸದ ಸೇದುವ ಔಷಧಿಯನ್ನು ಹೋಗುವ ಮುಂಚಿನಿಂದಲೇ ತಪ್ಪದೆ ತೆಗೆದುಕೊಂಡು, ಸಾಕಾಗುವಷ್ಟನ್ನು ಜೊತೆಯಲ್ಲಿ ಒಯ್ಯಬೇಕು.

ಒಟ್ಟಿನಲ್ಲಿ ಅಮೆರಿಕ, ಕೆನಡಾ, ಯೂರೋಪಿಗೆ ಮೊದಲ ಬಾರಿ ಹೋಗುವ ಹಿರಿಯರಿಗೆ ನಾನು ಹೇಳುವುದು ಇಷ್ಟು: ಏಪ್ರಿಲ್ ಕೊನೆಯಲ್ಲಿ ಹೋಗಿ ಜುಲೈಗೆ ಬನ್ನಿ, ಇಲ್ಲವೇ ಆಗಸ್ಟ್ ಕೊನೆಯಲ್ಲಿ ಹೋಗಿ ಅಕ್ಟೋಬರ್ ಮುಗಿಯುವುದರೊಳಗೆ ಬನ್ನಿ. ನಡು ಬೇಸಿಗೆಯೂ ಎಲ್ಲ ಕಡೆ ಹಿತವಲ್ಲ. 2003ರ ಆಗಸ್ಟ್‌ನಲ್ಲಿ ಯೂರೋಪಿನಲ್ಲಿ ಬಿಸಿಗಾಳಿ ಬೀಸಿದಾಗ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸತ್ತರು, ಹೆಚ್ಚಿನವರು ವೃದ್ಧರು. ಅಲ್ಲಿಯ ಮನೆಗಳು ಬಿಸಿಯನ್ನು ಹಿಡಿದಿಡಲು ಕಟ್ಟಿದವು, ಅನೇಕ ಮನೆಗಳಲ್ಲಿ ಫ್ಯಾನು ಕೂಡ ಇರುವುದಿಲ್ಲ. ನಾವು ಬಿಸಿಲಿನ ದೇಶದವರು, ನಮಗೇನಾಗುತ್ತದೆ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

ಬಿಸಿಲ ನಾಡು, ತಲೆಕೆಳಗಾದ ಋತು

ದುಬೈ, ಮಸ್ಕತ್, ದೋಹಾ, ರಿಯಾದ್‌ಗಳಲ್ಲಿ ಮಕ್ಕಳಿರುವವರಿಗೆ ಲೆಕ್ಕ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 40 ಡಿಗ್ರಿ ದಾಟುವುದು ದಿನನಿತ್ಯದ ಮಾತು. ಯುನೈಟೆಡ್ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಹಗಲಿನಲ್ಲಿ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸುವುದನ್ನೇ ಸರ್ಕಾರ ನಿಷೇಧಿಸುತ್ತದೆ. ಗಟ್ಟಿಮುಟ್ಟಾದ ಕೂಲಿಯವರಿಗೇ ಬೇಡವೆಂದ ಬಿಸಿಲಿಗೆ, ಮಕ್ಕಳ ಶಾಲೆಗೆ ರಜೆ ಇದೆಯೆಂದು ಅಜ್ಜಿಯನ್ನು ಕರೆಸಿಕೊಳ್ಳುವುದು ಯಾವ ನ್ಯಾಯ? ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಹಿತವಾದ ಹವೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಬೇಗ ಬಳಲುತ್ತಾರೆ, ಅವರು ಹೋಗುವ ಮೊದಲು ವೈದ್ಯರನ್ನು ಕಾಣಬೇಕು.

ಹಜ್ ಯಾತ್ರೆಯ ದಿನವನ್ನು ಯಾರೂ ಆರಿಸಿಕೊಳ್ಳುವಂತಿಲ್ಲ. ಚಾಂದ್ರಮಾನದ ಪ್ರಕಾರ ಅದು ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. 2024ರಲ್ಲಿ ಜೂನ್ ತಿಂಗಳಿಗೆ ಬಂತು. ಮೆಕ್ಕಾದಲ್ಲಿ 51.8 ಡಿಗ್ರಿ ಬಿಸಿಲು ದಾಖಲಾಯಿತು. 1,300ಕ್ಕೂ ಹೆಚ್ಚು ಯಾತ್ರಿಕರು ಪ್ರಾಣ ಬಿಟ್ಟರು. ಅವರಲ್ಲಿ ಬಹುಪಾಲು ಜನ ಪರವಾನಗಿ ಇಲ್ಲದೆ ಬಂದು, ನೆರಳಿಲ್ಲದೆ ಬಿಸಿಲಿನಲ್ಲಿ ದೂರ ನಡೆದವರು ಎಂದು ಸೌದಿ ಸರ್ಕಾರ ಹೇಳಿತು. ದಿನ ನಮ್ಮ ಕೈಯಲ್ಲಿಲ್ಲ, ಆದರೆ ವರ್ಷ ನಮ್ಮ ಕೈಯಲ್ಲಿದೆ. ಮುಂದಿನ ವರ್ಷಗಳಲ್ಲಿ ಹಜ್ ವಸಂತಕ್ಕೆ, ಆಮೇಲೆ ಚಳಿಗಾಲಕ್ಕೆ ಸರಿಯುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವ ಹಿರಿಯರು ಅಧಿಕೃತ ದಾರಿಯಲ್ಲೇ, ತಮಗೆ ತಕ್ಕ ವರ್ಷ ನೋಡಿ ಹೋಗುವುದು ಒಳ್ಳೆಯದು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಋತುಗಳೇ ತಲೆಕೆಳಗು. ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ, ಜೂನ್‌ನಿಂದ ಆಗಸ್ಟ್ ಚಳಿ. ಫ್ಲೂ ಜ್ವರವೂ ಅಲ್ಲಿ ಆ ಜೂನ್-ಆಗಸ್ಟ್ ತಿಂಗಳುಗಳಲ್ಲೇ ಹರಡುತ್ತದೆ. 2016ರ ನವೆಂಬರ್ 21ರಂದು ಮೆಲ್ಬರ್ನ್ ನಗರದಲ್ಲಿ ನಡೆದದ್ದನ್ನು ಉಬ್ಬಸದವರು ತಿಳಿದಿರಬೇಕು. ಹುಲ್ಲಿನ ಪರಾಗ ಗಾಳಿಯಲ್ಲಿ ತುಂಬಿದ್ದ ಸಂಜೆ ಗುಡುಗು ಮಳೆ ಬಂತು. ಪರಾಗದ ಕಣಗಳು ಒಡೆದು ಸಣ್ಣ ಪುಡಿಯಾಗಿ ಜನರ ಶ್ವಾಸಕೋಶದ ಆಳಕ್ಕೆ ಹೋದವು. ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಆಸ್ಪತ್ರೆ ಸೇರಿದವರಲ್ಲಿ ಭಾರತ ಮೂಲದವರು ಅವರ ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚಾಗಿದ್ದರು. ಉಬ್ಬಸ ಅಥವಾ ಪರಾಗದ ಅಲರ್ಜಿ ಇರುವವರು ಆ ಊರಿಗೆ ಅಕ್ಟೋಬರ್‌ನಿಂದ ಡಿಸೆಂಬರ್ ಬಿಟ್ಟು ಮಾರ್ಚ್-ಏಪ್ರಿಲ್‌ನಲ್ಲಿ ಹೋಗುವುದು ಮೇಲು.

ಹತ್ತಿರದ ಹೊರದೇಶಗಳು

ಒಂದು ವಾರದ ಪ್ರವಾಸಕ್ಕೆ ಹೋಗುವವರು ಈಗ ಹೆಚ್ಚುತ್ತಿದ್ದಾರೆ. ಥಾಯ್ಲೆಂಡಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಸಿಂಗಪುರದಲ್ಲಿ ವರ್ಷವಿಡೀ ಒಂದೇ ಸೆಕೆ, ನವೆಂಬರ್‌ನಿಂದ ಜನವರಿಗೆ ಮಳೆ ಹೆಚ್ಚು. ಆದರೆ ಕೆಲವು ವರ್ಷ ಜುಲೈನಿಂದ ಅಕ್ಟೋಬರ್ ನಡುವೆ ಇಂಡೋನೇಷ್ಯಾದ ಕಾಡಿನ ಬೆಂಕಿಯ ಹೊಗೆ ಅಲ್ಲಿಗೂ ಮಲೇಷ್ಯಾಕ್ಕೂ ಬಂದು ಕವಿಯುತ್ತದೆ. 1997 ಮತ್ತು 2015ರಲ್ಲಿ ಅದು ಬಹಳ ಕೆಟ್ಟದಾಗಿತ್ತು. ಎದೆಯ ಕಾಯಿಲೆಯವರು ಹೊರಡುವ ಮೊದಲು ಅಲ್ಲಿಯ ಸುದ್ದಿ ತಿಳಿದುಕೊಳ್ಳಬೇಕು. ಶ್ರೀಲಂಕೆಯ ಕೊಲಂಬೊ ಕಡೆಯ ಕರಾವಳಿಗೆ ಡಿಸೆಂಬರ್‌ನಿಂದ ಮಾರ್ಚ್ ಹಿತ.

ನೇಪಾಳದ ಪಶುಪತಿನಾಥನ ದರ್ಶನಕ್ಕೆ ಅಕ್ಟೋಬರ್-ನವೆಂಬರ್ ಅಥವಾ ಮಾರ್ಚ್-ಏಪ್ರಿಲ್ ಸರಿಯಾದ ಕಾಲ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. ಕಠ್ಮಂಡು ಎತ್ತರದಲ್ಲಿ ಹೆಚ್ಚುಕಡಿಮೆ ನಮ್ಮ 1,454 ಮೀಟರ್‌ನ ಹಿಮವದ್ ಗೋಪಾಲಸ್ವಾಮಿ ಬೆಟ್ಟದಷ್ಟೇ. ಅಲ್ಲಿ ಉಸಿರಿನ ತೊಂದರೆಯಿಲ್ಲ. ಆದರೆ ‘ಇಷ್ಟು ದೂರ ಬಂದಿದ್ದೇವೆ’ ಎಂದು ಮುಕ್ತಿನಾಥಕ್ಕೆ ಹೊರಟರೆ ಅದು 3,700 ಮೀಟರ್‌ಗೂ ಮೇಲೆ. ಮಾನಸ ಸರೋವರ ಸುಮಾರು 4,590 ಮೀಟರ್, ಕೈಲಾಸ ಪರಿಕ್ರಮದ ಡೋಲ್ಮಾ ಕಣಿವೆ 5,600 ಮೀಟರ್ ದಾಟುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ಸಿಗುವುದರ ಅರ್ಧ ಮಾತ್ರ. 2020ರಲ್ಲಿ ನಿಂತಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರ ಜೂನ್‌ನಲ್ಲಿ ಮತ್ತೆ ಆರಂಭವಾಯಿತು. ಸರ್ಕಾರದ ಈ ಯಾತ್ರೆಗೆ 70 ವರ್ಷದ ಮಿತಿ, ಎತ್ತರಕ್ಕೆ ತಕ್ಕ ತೂಕದ ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ. ಇಲ್ಲಿ ತಿಂಗಳು ಸರಿಯಾಗಿದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ನಿಧಾನವಾಗಿ ಏರುವುದರಲ್ಲಿದೆ. ತಲೆನೋವು, ವಾಂತಿ, ತೂರಾಟ ಕಾಣಿಸಿದರೆ ಮುಂದೆ ಹತ್ತಬಾರದು, ಕೂಡಲೇ ಕೆಳಗೆ ಇಳಿಯಬೇಕು.

ಬಾಣಂತನ ಕಾಯುತ್ತದೆಯೇ?

ಈಗ ಮೊದಲಿನ ದಂಪತಿಗಳಿಗೆ ಮರಳೋಣ. ಆ ತಾಯಿಗೆ ಹದಿನೈದು ವರ್ಷದಿಂದ ಉಬ್ಬಸ. ಪ್ರತಿ ಮಾಗಿಯಲ್ಲೂ ಎರಡು ಬಾರಿಯಾದರೂ ನನ್ನ ಬಳಿ ನೆಬುಲೈಸರ್ ಹಾಕಿಸಿಕೊಂಡು ಹೋಗುತ್ತಾರೆ. ಮಗಳಿರುವುದು ನ್ಯೂಜೆರ್ಸಿಯಲ್ಲಿ. ಡಿಸೆಂಬರ್‌ನಲ್ಲಿ ಬೇಡ, ಏಪ್ರಿಲ್ ಕೊನೆಗೆ ಹೋಗಿ ಎಂದೆ. ತಾಯಿಯ ಕಣ್ಣು ತುಂಬಿತು. “ಹೆರಿಗೆ ಕಾಯ್ತದಾ ಡಾಕ್ಟ್ರೇ? ಮೊದಲ್ನೇ ಬಾಣಂತನ ತವ್ರವ್ರು ಮಾಡ್ದೆ ಇನ್ಯಾರು ಮಾಡಾರು?” ಎಂದರು.

ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಮಗು ಋತು ನೋಡಿ ಹುಟ್ಟುವುದಿಲ್ಲ. ಹೊರದೇಶದಲ್ಲಿ ಒಂಟಿಯಾಗಿ ಹೆರುವ ಹುಡುಗಿಗೆ ಹೆತ್ತವಳು ಪಕ್ಕದಲ್ಲಿರಬೇಕೆಂಬ ಆಸೆಗೆ ಯಾವ ವೈದ್ಯನ ಬಳಿಯೂ ಔಷಧಿಯಿಲ್ಲ. ಆದರೆ ಹೆರಿಗೆಯ ತಿಂಗಳು ಏಳು ತಿಂಗಳು ಮೊದಲೇ ಗೊತ್ತಿರುತ್ತದೆ. ಆಗಲೇ ಎರಡೂ ಮನೆಯವರು ಕುಳಿತು ಮಾತಾಡಿದರೆ ದಾರಿ ಇರುತ್ತದೆ. ನನ್ನ ಅಭಿಪ್ರಾಯ ಇದು: ಚಳಿಗಾಲದ ಹೆರಿಗೆಗೆ ಬೀಗರ ಪೈಕಿ ಯಾರ ದೇಹ ಗಟ್ಟಿಯೋ ಅವರು ಹೋಗಲಿ. ತವರು, ಅತ್ತೆಮನೆ ಎಂಬ ಲೆಕ್ಕ ಬೇಡ. ಇನ್ನೊಬ್ಬರು ಮಗುವಿಗೆ ಮೂರು ತಿಂಗಳು ತುಂಬಿ, ಹಿಮ ಕರಗಿದ ಮೇಲೆ ಹೋಗಲಿ. ಆಗ ಮಗು ನಗುತ್ತದೆ, ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬೀದಿಯಲ್ಲಿ ತಿರುಗಾಡಿಸಬಹುದು. ಮಗುವಿನ ತಾಯಿ ಕೆಲಸಕ್ಕೆ ಮರಳುವ ಸಮಯವೂ ಅದೇ ಆಗಿರುವುದರಿಂದ ನೆರವು ನಿಜವಾಗಿ ಬೇಕಾಗುವುದೂ ಆಗಲೇ.

ಹೊರದೇಶದಲ್ಲಿರುವ ಮಕ್ಕಳಿಗೂ ಒಂದು ಮಾತು. ನಿಮ್ಮ ಅಮ್ಮ ‘ನನಗೇನಾಗಿದೆ, ಬರುತ್ತೇನೆ’ ಎಂದೇ ಹೇಳುತ್ತಾಳೆ. ಅವಳ ಮಾತನ್ನು ನಂಬಬೇಡಿ, ಅವಳ ವೈದ್ಯರಿಗೆ ಒಂದು ಫೋನ್ ಮಾಡಿ. ಚಳಿಯಲ್ಲಿ ಹಾಸಿಗೆ ಹಿಡಿದ ಅಮ್ಮ ಬಾಣಂತಿಗೆ ನೆರವಾಗುವುದಿಲ್ಲ, ಇನ್ನೊಬ್ಬ ರೋಗಿಯಾಗುತ್ತಾಳೆ. ಆಗ ನಿಮ್ಮ ಮನೆಯಲ್ಲಿ ಇಬ್ಬರನ್ನು ನೋಡಿಕೊಳ್ಳಬೇಕು.

ಆಕ್ಷೇಪಣೆಗಳು

ಟಿಕೆಟ್ ದರದ ಮಾತು ಬರುತ್ತದೆ. ಜನವರಿ-ಫೆಬ್ರವರಿಯಲ್ಲಿ ಸಾಮಾನ್ಯವಾಗಿ ಅಗ್ಗ, ಜೂನ್‌ನಲ್ಲಿ ದುಬಾರಿ, ನಿಜ. ಮೂರು ನಾಲ್ಕು ತಿಂಗಳು ಮೊದಲೇ ತಿಂಗಳು ಗೊತ್ತುಮಾಡಿದರೆ ಈ ಅಂತರ ಬಹಳ ಕಡಿಮೆಯಾಗುತ್ತದೆ. ಉಳಿದ ವ್ಯತ್ಯಾಸವನ್ನು ಔಷಧಿಯ ಖರ್ಚೆಂದು ತಿಳಿಯಿರಿ. ಅಮೆರಿಕದ ಆಸ್ಪತ್ರೆಯ ಒಂದು ದಿನದ ಬಿಲ್ಲಿನ ಮುಂದೆ ಅದು ಏನೂ ಅಲ್ಲ.

ಬೆಳೆಯ ಮಾತು ಬರುತ್ತದೆ. ಇದು ನಮ್ಮ ಕಡೆಯ ನಿಜವಾದ ಕಷ್ಟ. ಅರಿಶಿನ ಮಾರುವ ಹೊತ್ತಿಗೆ ಮತ್ತೆ ಹೊಲ ಹದಮಾಡುವ ಕೆಲಸ ಬರುತ್ತದೆ. ಆದರೆ ಗಂಡ ಹೆಂಡತಿ ಇಬ್ಬರೂ ಅಷ್ಟೂ ದಿನ ಅಲ್ಲಿರಬೇಕೆಂದೇನೂ ಇಲ್ಲ. ಜೊತೆಯಲ್ಲಿ ಹೋಗಿ ಯಜಮಾನರು ಒಂದು ತಿಂಗಳಿಗೆ ಬರಬಹುದು. ಮೊದಲ ಭೇಟಿ ಆರು ವಾರವಾದರೂ ಸಾಕು. ಆರು ತಿಂಗಳು ಬಿಟ್ಟಿದ್ದಾರೆಂದು ಆರು ತಿಂಗಳೂ ಇರಬೇಕಾಗಿಲ್ಲ.

ಇನ್ನೂ ಒಂದು ಮಾತು ನನ್ನನ್ನು ಕಾಡುತ್ತದೆ. ‘ನಿವೃತ್ತಿಯಾಗಲಿ, ಮಗಳ ಮದುವೆ ಮುಗಿಯಲಿ, ಮನೆ ಕಟ್ಟಿ ಆಗಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ವರ್ಷದಲ್ಲಿ ಒಳ್ಳೆಯ ತಿಂಗಳಿರುವಂತೆ ಆಯಸ್ಸಿನಲ್ಲೂ ಒಳ್ಳೆಯ ಕಾಲವಿದೆ. ಮಂಡಿ ಮಾತು ಕೇಳುವಾಗಲೇ ಹೋಗಿಬರಬೇಕು. ಎಪ್ಪತ್ತರ ವಯಸ್ಸಿನಲ್ಲಿ ಅಮೆರಿಕ ನೋಡಿಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ವಯಸ್ಸಿನಲ್ಲಿ ಅಷ್ಟು ಉತ್ಸಾಹ ಎಲ್ಲರಿಗೂ ಉಳಿದಿರುವುದಿಲ್ಲ. ಐವತ್ತರಲ್ಲಿ ಹೋಗಲು ಸಾಧ್ಯವಿದ್ದವರು ಅರವತ್ತೈದಕ್ಕೆ ಮುಂದೂಡಬಾರದು.

ಹೊರಡುವ ಮುನ್ನ

ತಿಂಗಳು ಗೊತ್ತಾದ ಮೇಲೆ ಮಾಡಬೇಕಾದ ಕೆಲವು ಕೆಲಸಗಳಿವೆ. ಎರಡು ಮೂರು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಹಲ್ಲು, ಕಣ್ಣು ತೋರಿಸಿ, ಅಲ್ಲಿ ಹಲ್ಲಿನ ಚಿಕಿತ್ಸೆ ಬಹಳ ದುಬಾರಿ. ಚಳಿಗಾಲ ಎದುರಾಗುವಂತಿದ್ದರೆ ಫ್ಲೂ ಲಸಿಕೆಯನ್ನು ಹೊರಡುವ ಎರಡು ವಾರಕ್ಕೆ ಮೊದಲು ಹಾಕಿಸಿಕೊಳ್ಳಿ. ಹಿರಿಯರು ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಕೇಳಿ. ವಿಮೆ ಮಾಡಿಸುವಾಗ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗ ವಿಮೆ ಕೈಕೊಡುತ್ತದೆ.

ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಇನ್ಸುಲಿನ್ ಅನ್ನು ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ವಿಮಾನದ ಕೆಳಭಾಗದಲ್ಲಿ ಅದು ಹೆಪ್ಪುಗಟ್ಟಿದರೆ ನಿಷ್ಪ್ರಯೋಜಕ. ಅಮೆರಿಕದ ಪೂರ್ವ ತೀರಕ್ಕೂ ನಮಗೂ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ಅಂತರ. ಇನ್ಸುಲಿನ್, ಮಾತ್ರೆಗಳ ಹೊತ್ತನ್ನು ಹೇಗೆ ಬದಲಿಸಬೇಕೆಂದು ಮೊದಲೇ ಬರೆಸಿಕೊಳ್ಳಿ. ವಿಮಾನದಲ್ಲಿ ಒಂದೇ ಸಮನೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗಂಟೆಗೊಮ್ಮೆ ಪಾದ ಆಡಿಸಿ, ಎದ್ದು ನಡೆಯಿರಿ, ನೀರು ಕುಡಿಯಿರಿ. ತಲುಪಿದ ಮೇಲೆ ನಿದ್ರೆ ಸರಿಹೋಗಲು ಒಂದು ವಾರಕ್ಕೂ ಹೆಚ್ಚು ಬೇಕಾಗುತ್ತದೆ. ಹಗಲು ಬೆಳಕಿನಲ್ಲಿ ನಡೆದಾಡುವುದೇ ಅದಕ್ಕೆ ಒಳ್ಳೆಯ ಔಷಧಿ. ಚಳಿಗಾಲದಲ್ಲಿ ಹೋಗಲೇಬೇಕಾದವರು ಜಾರದ ಅಡಿಯ ಬೂಟನ್ನು ಅಲ್ಲಿ ಇಳಿದ ದಿನವೇ ಮಕ್ಕಳಿಂದ ಕೊಡಿಸಿಕೊಳ್ಳಬೇಕು. ಅದು ಬರುವವರೆಗೆ ಹೊಸ್ತಿಲು ದಾಟಬಾರದು.

ಆ ದಂಪತಿಗಳು ಅಂದು ಸ್ವಲ್ಪ ಮುನಿಸಿನಿಂದಲೇ ಎದ್ದು ಹೋದರು. ಮೂರು ದಿನದ ಮೇಲೆ ಯಜಮಾನರು ಒಬ್ಬರೇ ಬಂದರು. ಮಗಳ ಅತ್ತೆಗೆ 54, ಕಾಯಿಲೆ ಏನೂ ಇಲ್ಲ, ಮೈಸೂರಿನಲ್ಲಿ ದಿನವೂ ಬೆಳಿಗ್ಗೆ ನಡೆಯುವ ಅಭ್ಯಾಸ. ‘ನೀವು ಕೇಳಿದ್ದೇ ಒಳ್ಳೇದಾಯ್ತು, ನಾನು ಡಿಸೆಂಬರ್‌ಗೆ ಹೋಗ್ತೀನಿ, ನೀವು ಬೇಸಿಗೇಲಿ ಬನ್ನಿ’ ಎಂದು ಬೀಗಿತ್ತಿಯೇ ಹೇಳಿದರಂತೆ. ತಾಯಿಯ ಸಂಕಟ ಇನ್ನೂ ಪೂರ್ತಿ ಇಳಿದಿಲ್ಲ. ದಿನವೂ ಮಗಳೊಡನೆ ಫೋನಿನಲ್ಲಿ ಮುಖ ನೋಡಿ ಮಾತಾಡುತ್ತಾರೆ, ಬಾಣಂತಿಗೆ ಬೇಕಾದ ಕೊಬ್ಬರಿ, ಅಂಟಿನುಂಡೆಯ ಸಾಮಾನು, ಮನೆಯ ಅರಿಶಿನದ ಪುಡಿಯನ್ನು ಬೀಗಿತ್ತಿಯ ಕೈಯಲ್ಲಿ ಕಳಿಸಲು ಹೊಂದಿಸುತ್ತಿದ್ದಾರೆ.

ನಾನು ಆ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ಮಾರ್ಚ್‌ನಲ್ಲಿ ಇಬ್ಬರೂ ಬರಬೇಕು, ಅಂದು ಎದೆ ಪರೀಕ್ಷಿಸಿ ಹಾಕಿಕೊಡುತ್ತೇನೆ ಎಂದಿದ್ದೇನೆ.